ಹಿಡಿ ಅಕ್ಕಿಯ ಲೆಕ್ಕ

ಗಂಡ-ಹೆಂಡತಿ ಕೂತು ತಿಂಗಳ ಖರ್ಚಿನ ಲೆಕ್ಕ ಹಾಕುವಾಗ ಬಾಡಿಗೆ, ದಿನಸಿ, ಮಕ್ಕಳ ಫೀಸು ಮೊದಲು ಬರುತ್ತವೆ. ಶ್ರದ್ಧಾವಂತ ಕ್ರೈಸ್ತರ ಅನೇಕ ಮನೆಗಳಲ್ಲಿ ಇವಕ್ಕೂ ಮುಂಚೆ ಬರುವುದು ದಶಮಾಂಶ, ಅಂದರೆ ದುಡಿಮೆಯ ಹತ್ತನೇ ಒಂದು ಪಾಲು. ಬೈಬಲಿನ ಹಳೆಯ ಒಡಂಬಡಿಕೆಯಿಂದ ಬಂದ ಪದ್ಧತಿ ಇದು. ದೇವರ ಪಾಲು ತೆಗೆದಿಟ್ಟು, ಉಳಿದದ್ದರಲ್ಲಿ ಸಂಸಾರ.

ಆದರೆ ಕೈಯಲ್ಲಿ ಕಾಸೇ ಇಲ್ಲದ ಗೃಹಿಣಿ ಕೊಡುವುದೇನನ್ನು? ಮಿಜೋರಾಂನ ಕ್ರೈಸ್ತ ಹೆಂಗಸರು ಇದಕ್ಕೆ ಅಡುಗೆಮನೆಯಲ್ಲೇ ಉತ್ತರ ಕಂಡುಕೊಂಡರು. ಮಿಷನರಿಗಳು ಅಲ್ಲಿಗೆ ಬಂದದ್ದು 1894ರಲ್ಲಿ. 1910ರ ಸುಮಾರಿಗೆ ‘ಬುಹ್‌ಫೈ ಥಾಮ್’, ಅಂದರೆ ಹಿಡಿ ಅಕ್ಕಿಯ ಪದ್ಧತಿ ಶುರುವಾಯಿತು. ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ಬೇರೆ ಪಾತ್ರೆಗೆ. ಸಭೆಯ ಮಹಿಳೆಯರು ಅದನ್ನು ಮನೆಮನೆಯಿಂದ ಸಂಗ್ರಹಿಸುತ್ತಾರೆ. ಮಾರಿ ಬಂದ ಹಣ ಚರ್ಚಿನ ಕೆಲಸಕ್ಕೆ. ಬಡವರಿಗೂ ಹೊರೆಯಾಗದ ಈ ಕಾಣಿಕೆ ಈಗ ವರ್ಷಕ್ಕೆ ಕೋಟಿಗಳ ಲೆಕ್ಕದಲ್ಲಿ ಕೂಡಿಬರುತ್ತದೆ.

ಕೊಡುವುದರಲ್ಲಿ ಹೀಗೆ ಪಾಲುದಾರಳಾದ ಹೆಣ್ಣಿಗೆ ಆಸ್ತಿಯ ಪಾಲು ಮಾತ್ರ ತಡವಾಗಿ ಸಿಕ್ಕಿತು. ಮಿಜೋ ಸಂಪ್ರದಾಯದಲ್ಲಿ ಆಸ್ತಿ ಗಂಡಸರಿಗೇ ಸೇರುತ್ತಿತ್ತು. ವಿಚ್ಛೇದನವಾದಾಗ ಸಂಸಾರದಲ್ಲಿ ಗಳಿಸಿದ ಆಸ್ತಿಯಲ್ಲಿ ಹೆಂಡತಿಗೂ ಪಾಲುಂಟೆಂದು ರಾಜ್ಯದ ಕಾನೂನು ಒಪ್ಪಿದ್ದು 2014ರಲ್ಲಿ. ಹಿಡಿ ಅಕ್ಕಿಗೆ ಆಗಲೇ ನೂರು ವರ್ಷ ತುಂಬಿತ್ತು.

ಒಲ್ಲದ ಮನಸ್ಸಿನಿಂದ ಕೊಡಬಾರದೆಂದು ಸಂತ ಪೌಲನು ಕೊರಿಂಥದ ಸಭೆಗೆ ಬರೆದ. ದಶಮಾಂಶ ಎಷ್ಟು, ಉಳಿತಾಯ ಎಷ್ಟು ಎಂಬುದನ್ನು ಗಂಡನೊಬ್ಬನೇ ತೀರ್ಮಾನಿಸುವ ಮನೆಯಲ್ಲಿ ಹೆಂಡತಿಯ ಮನಸ್ಸನ್ನು ಕೇಳಿದವರಾರು?