ಕ್ಯಾಂಪರ್ ವ್ಯಾನಿಗೆ ಟೈರು: ಮೊದಲು ತೂಕ ನೋಡಿ, ಆಮೇಲೆ ಟ್ರೆಡ್

ಧಾರಾಪುರಂ: ಈ ಭಾಗದಲ್ಲಿ 'ಕ್ಯಾಂಪರ್' ಎಂದರೆ ಮುಂದೆ ಎರಡು ಸಾಲು ಸೀಟು, ಹಿಂದೆ ಸಾಮಾನಿಗೆ ಜಾಗ ಇರುವ ಮಹೀಂದ್ರ ಬೊಲೆರೊ ಕ್ಯಾಂಪರ್ ಎಂದೇ ಹೆಚ್ಚಿನವರ ಲೆಕ್ಕ. ಹಾಸಿಗೆ, ಒಲೆ, ನೀರಿನ ಟ್ಯಾಂಕು ಜೋಡಿಸಿ ಓಡಾಡುವ ಮನೆಯಂತೆ ಮಾಡಿಕೊಂಡ ವ್ಯಾನಿಗೂ ಈಗ ಅದೇ ಹೆಸರು. ಎರಡೂ ಗಾಡಿಗಳ ಪಾಡು ಒಂದೇ. ಬೆಳಿಗ್ಗೆ ಡಾಂಬರು ರಸ್ತೆಯಲ್ಲಿ ಎಂಬತ್ತರ ವೇಗ, ಸಂಜೆ ತೋಟದ ಮಣ್ಣುದಾರಿ. ಇಂಥ ಗಾಡಿಗೆ ಯಾವ ಟೈರು ಹಾಕಿಸಬೇಕು?

ಅಂಗಡಿಯಲ್ಲಿ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ದಪ್ಪ ಬಟನ್ ಇರುವ ಟೈರಿನ ಮೇಲೆ. ನೋಡಲು ಗಟ್ಟಿ, ಕಾಡುಮೇಡು ಎಲ್ಲ ತುಳಿದುಬಿಡುತ್ತದೆ ಎಂಬ ನಂಬಿಕೆ. ಆದರೆ ಭಾರದ ಗಾಡಿಯ ಟೈರು ಸಿಡಿಯಲು ಸಾಮಾನ್ಯ ಕಾರಣ ಟ್ರೆಡ್ ಅಲ್ಲ. ಹೆಚ್ಚು ಭಾರ, ಕಡಿಮೆ ಗಾಳಿ ಮತ್ತು ಇವೆರಡರಿಂದ ಹುಟ್ಟುವ ಬಿಸಿ. ಆದ್ದರಿಂದ ಆಯ್ಕೆ ಶುರುವಾಗಬೇಕಾದದ್ದು ವೇಬ್ರಿಡ್ಜಿನಲ್ಲಿ.

ತೂಕದ ಲೆಕ್ಕ

ಟೈರಿನ ಪಕ್ಕೆಯಲ್ಲಿ '215/75 ಆರ್ 15 100 ಎಸ್' ಎಂಬಂಥ ಬರಹ ಇರುತ್ತದೆ. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕೆಯ ಎತ್ತರ ಅಗಲದ ಶೇ. 75. 'ಆರ್' ಎಂದರೆ ರೇಡಿಯಲ್, 15 ಎಂದರೆ ರಿಮ್ಮಿನ ಅಳತೆ ಇಂಚಿನಲ್ಲಿ. ಕೊನೆಯ 'ಎಸ್' ವೇಗದ ಮಿತಿ, ಗಂಟೆಗೆ 180 ಕಿ.ಮೀ.

ಎಲ್ಲಕ್ಕಿಂತ ಮುಖ್ಯವಾದದ್ದು ನಡುವಿನ 100. ಇದು ಲೋಡ್ ಇಂಡೆಕ್ಸ್. 100 ಎಂದರೆ ಒಂದು ಟೈರು 800 ಕೆ.ಜಿ. ಹೊರಬಲ್ಲದು. 104ಕ್ಕೆ 900 ಕೆ.ಜಿ., 108ಕ್ಕೆ 1,000 ಕೆ.ಜಿ., 112ಕ್ಕೆ 1,120 ಕೆ.ಜಿ. ಎಷ್ಟೋ ಟೈರುಗಳಲ್ಲಿ ಅಡ್ಡಗೆರೆ ಹಾಕಿ ಎರಡು ಸಂಖ್ಯೆ ಇರುತ್ತದೆ. ಎರಡನೆಯದು ಹಿಂದೆ ಜೋಡಿ ಚಕ್ರ ಇರುವ ಗಾಡಿಗೆ.

ನೀರು, ಗ್ಯಾಸು, ಸಾಮಾನು, ಜನ ಎಲ್ಲ ತುಂಬಿಸಿಕೊಂಡೇ ಗಾಡಿಯನ್ನು ತೂಗಿಸಬೇಕು. 200 ಲೀಟರ್ ನೀರೆಂದರೆ 200 ಕೆ.ಜಿ. ಎಂಬುದು ಎಷ್ಟೋ ಜನಕ್ಕೆ ನೆನಪೇ ಇರುವುದಿಲ್ಲ. ಮುಂದಿನ ಚಕ್ರ ಮಾತ್ರ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಒಮ್ಮೆ, ಹಿಂದಿನ ಚಕ್ರ ಮಾತ್ರ ನಿಲ್ಲಿಸಿ ಇನ್ನೊಮ್ಮೆ ತೂಗಿಸಿದರೆ ಯಾವ ಕಡೆ ಎಷ್ಟು ಭಾರ ಎಂಬುದು ತಿಳಿಯುತ್ತದೆ.

ಒಂದು ಉದಾಹರಣೆ. ಹಿಂದಿನ ಎರಡು ಚಕ್ರದ ಮೇಲೆ 1,900 ಕೆ.ಜಿ. ಇದೆ ಎಂದುಕೊಳ್ಳೋಣ. ಇಂಡೆಕ್ಸ್ 100ರ ಎರಡು ಟೈರು ಹೊರುವುದು 1,600 ಕೆ.ಜಿ. ಮಾತ್ರ. ಅದು ಆಗದು. 108 ಹಾಕಿದರೆ 2,000 ಕೆ.ಜಿ., ಬರೀ ನೂರು ಕೆ.ಜಿ. ಉಳಿಕೆ. ಒಂದು ಪಕ್ಕದಲ್ಲೇ ನೀರಿನ ಟ್ಯಾಂಕು ಇದ್ದರೆ ಅದೂ ಸಾಲದು. 112 ಹಾಕಿದರೆ 2,240 ಕೆ.ಜಿ., ಧೈರ್ಯವಾಗಿ ಹೋಗಬಹುದು. ಈ ಲೆಕ್ಕದಲ್ಲಿ ಪಾಸಾಗದ ಟೈರು ಎಷ್ಟೇ ಚೆಂದದ ಬಟನ್ ಇದ್ದರೂ ಬೇಡ. ಗಾಡಿಗೆ ಕಂಪನಿ ನಿಗದಿ ಮಾಡಿದ ಒಟ್ಟು ತೂಕವನ್ನು ಮೀರಿದ್ದರೆ ಟೈರು ಬದಲಿಸಿದರೂ ಪರಿಹಾರವಿಲ್ಲ, ಸಾಮಾನೇ ಇಳಿಸಬೇಕು.

ಯಾವ ಟ್ರೆಡ್?

ತೂಕ ಆದ ಮೇಲೆ ಟ್ರೆಡ್. ಇದರಲ್ಲಿ ಮುಖ್ಯವಾಗಿ ಮೂರು ಬಗೆ.

ಎಚ್‌ಟಿ: ಡಾಂಬರು ರಸ್ತೆಯ ಟೈರು. ಸದ್ದು ಕಡಿಮೆ, ಡೀಸೆಲ್ ಉಳಿತಾಯ, ಮಳೆಯಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಒಣಗಿದ ಗಟ್ಟಿ ಮಣ್ಣುದಾರಿಗೂ ಸಾಕು.

ಎಟಿ: ಡಾಂಬರಿಗೂ ಮಣ್ಣಿಗೂ ಸಲ್ಲುವ ನಡುವಿನ ದಾರಿ. ಟ್ರೆಡ್ ಆಳ ಹೆಚ್ಚು, ಕಲ್ಲು ಜಲ್ಲಿಗೆ ತಾಳಿಕೆ ಹೆಚ್ಚು. ಸ್ವಲ್ಪ ಸದ್ದು, ಸ್ವಲ್ಪ ಹೆಚ್ಚು ಡೀಸೆಲ್.

ಎಂಟಿ: ಕೆಸರಿಗೆಂದೇ ಮಾಡಿದ ದಪ್ಪ ಬಟನ್ ಟೈರು. ಅಂಟುವ ಎರೆಮಣ್ಣಿನಲ್ಲಿ ಇದನ್ನು ಮೀರಿಸುವುದಿಲ್ಲ. ಆದರೆ ಒದ್ದೆ ಡಾಂಬರಿನಲ್ಲಿ ಹಿಡಿತ ಕಡಿಮೆ, ಸದ್ದು ಜೋರು, ಸವೆತವೂ ಬೇಗ.

ಧಾರಾಪುರಂ ಸುತ್ತ ಮುಖ್ಯ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನದು. ಉಳಿದ ತಿಂಗಳಲ್ಲಿ ನೆಲ ಬಹುಪಾಲು ಒಣ. ಹತ್ತು ಕಿಲೋಮೀಟರಿನಲ್ಲಿ ಒಂಬತ್ತು ಡಾಂಬರಿನ ಮೇಲೆಯೇ ಓಡುವ ಗಾಡಿಗೆ ಗಟ್ಟಿ ಪಕ್ಕೆಯ ಎಚ್‌ಟಿ ಸಾಕು. ಮೂರು ನಾಲ್ಕು ಕಿಲೋಮೀಟರ್ ಜಲ್ಲಿ, ತೋಟದ ದಾರಿ ಎನ್ನುವವರಿಗೆ ಎಟಿ ಸರಿ. ದಿನವೂ ಕೆಸರು ತುಳಿಯುವವರಿಗೆ ಮಾತ್ರ ಎಂಟಿ.

ಮುಳ್ಳಿನ ಕಾಟ

ಕಾಂಗೇಯಂ ದನಗಳ ಈ ಸೀಮೆಯಲ್ಲಿ 'ಕೊರಂಗಾಡು' ಎಂಬ ಹುಲ್ಲುಗಾವಲುಗಳಿವೆ. ಅವಕ್ಕೆ ಮುಳ್ಳುಕಿಳುವೈ ಗಿಡದ ಬೇಲಿ, ಒಳಗೆ ವೆಳ್ವೇಲ ಮರ. ಹೊರಗೆ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ತಮಿಳಿನಲ್ಲಾದರೂ ಕನ್ನಡದಲ್ಲಾದರೂ ಮುಳ್ಳು ಮುಳ್ಳೇ, ಟೈರಿಗೆ ಭಾಷೆ ಗೊತ್ತಿಲ್ಲ.

ಇಲ್ಲಿ ಟ್ಯೂಬ್‌ಲೆಸ್ ಟೈರು ಉಪಕಾರಿ. ಮುಳ್ಳು ಚುಚ್ಚಿದರೆ ಟ್ಯೂಬ್ ಟೈರಿನ ಗಾಳಿ ಬೇಗ ಇಳಿದುಹೋಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಮುಳ್ಳು ಅಲ್ಲೇ ಸಿಕ್ಕಿಕೊಂಡು ಗಾಳಿ ನಿಧಾನ ಇಳಿಯುತ್ತದೆ, ಊರು ಮುಟ್ಟಲು ಸಮಯ ಸಿಗುತ್ತದೆ. ಟ್ರೆಡ್ಡಿನ ತೂತಿಗೆ ಪ್ಲಗ್ ಹಾಕಬಹುದು. ಆದರೆ ಪಕ್ಕೆ ಹರಿದರೆ ಟೈರು ಬದಲಿಸುವುದೇ ಸರಿ. ಬೇಲಿಗೆ ಒತ್ತಿ ಗಾಡಿ ತಿರುಗಿಸುವ ಅಭ್ಯಾಸ ಇರುವವರು ಪಕ್ಕೆ ದಪ್ಪ ಇರುವ, 'ಎಲ್‌ಟಿ' ಅಥವಾ 'ಸಿ' ಗುರುತಿನ ಟೈರು ಕೇಳುವುದು ಒಳ್ಳೆಯದು. ಅಂಗಡಿಯವರು 'ನೈಲಾನ್' ಎನ್ನುವ ಹಳೆಯ ಬಗೆಯ ಟೈರಿಗೆ ಪಕ್ಕೆ ಗಟ್ಟಿ ಇದ್ದರೂ ಉದ್ದದ ಓಟಕ್ಕೆ ಬಿಸಿ ಹೆಚ್ಚು. ನೈಲಾನ್ ಮತ್ತು ರೇಡಿಯಲ್ ಎರಡನ್ನೂ ಒಂದೇ ಆಕ್ಸಲಿಗೆ ಬೆರೆಸಬಾರದು.

ಗಾಳಿಯ ಗುಟ್ಟು

ಗಾಳಿಯನ್ನು ಟೈರು ತಣ್ಣಗಿರುವಾಗ ನೋಡಬೇಕು. ಓಡಿ ಬಿಸಿಯಾದಾಗ ಒತ್ತಡ ತಾನಾಗಿಯೇ ಏರುತ್ತದೆ. ಸುಮಾರು ಐದೂವರೆ ಡಿಗ್ರಿ ಸೆಲ್ಸಿಯಸ್‌ಗೆ ಒಂದು ಪಿಎಸ್‌ಐ. 'ಜಾಸ್ತಿಯಾಯಿತು' ಎಂದು ಬಿಸಿಯಲ್ಲಿ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗುತ್ತದೆ. ಕಡಿಮೆ ಗಾಳಿಯ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿ. ಏಪ್ರಿಲ್ ಬಿಸಿಲಿನಲ್ಲಿ ಟೈರು ಬಿಚ್ಚಿಕೊಳ್ಳುವುದು ಹೀಗೆ.

ಮರಳು ಅಥವಾ ಕೆಸರಿನಲ್ಲಿ ಸಿಕ್ಕಾಗ ಸ್ವಲ್ಪ ಗಾಳಿ ಬಿಟ್ಟರೆ ಟೈರು ಅಗಲವಾಗಿ ಹರಡಿ ಹಿಡಿತ ಬರುತ್ತದೆ. ಆಗ ವೇಗ ಗಂಟೆಗೆ 30 ಕಿ.ಮೀ. ಮೀರಬಾರದು. ಡಾಂಬರು ಮುಟ್ಟುವ ಮೊದಲು ಮತ್ತೆ ತುಂಬಿಸಬೇಕು. ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಇಲ್ಲದವರು ಗಾಳಿ ಬಿಡಲೇಬಾರದು.

ದೊಡ್ಡ ಟೈರು ಬೇಕೆ?

215/75 ಆರ್ 15 ಟೈರಿನ ಎತ್ತರ 703.5 ಮಿ.ಮೀ. ಬದಲಿಗೆ 235/75 ಆರ್ 15 ಹಾಕಿಸಿದರೆ 733.5 ಮಿ.ಮೀ., ಅಂದರೆ ಶೇ. 4ಕ್ಕಿಂತ ಸ್ವಲ್ಪ ಹೆಚ್ಚು. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ 83ಕ್ಕೂ ಮೇಲೆ ಓಡುತ್ತದೆ. ಎಂಜಿನ್ನಿಗೂ ಬ್ರೇಕಿಗೂ ಕೆಲಸ ಹೆಚ್ಚು, ಸ್ಟೀರಿಂಗ್ ತಿರುಗಿಸಿದಾಗ ಟೈರು ಒಳಗೆ ಉಜ್ಜಲೂಬಹುದು. ಕಂಪನಿ ಒಪ್ಪಿದ ಅಳತೆಗಳಲ್ಲೇ ಉಳಿದರೆ ವಿಮೆಗೂ ಆರ್‌ಟಿಓಗೂ ಉತ್ತರ ಕೊಡುವುದು ಸುಲಭ.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಪಕ್ಕೆಯ ಮೇಲಿನ ನಾಲ್ಕು ಅಂಕೆ ತಯಾರಾದ ವಾರ ಮತ್ತು ವರ್ಷ. 2324 ಎಂದರೆ 2024ರ 23ನೇ ವಾರ. ತಿಂಗಳುಗಟ್ಟಲೆ ನಿಂತೇ ಇರುವ ವ್ಯಾನಿನ ಟೈರು ಸವೆಯದೆಯೂ ಹಳತಾಗುತ್ತದೆ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಬಿರುಕು ಪರೀಕ್ಷೆ ಮಾಡಿಸಿ, ಹತ್ತು ವರ್ಷಕ್ಕೆ ಕೈಬಿಡಿ. ಟ್ರೆಡ್ ಆಳ 1.6 ಮಿ.ಮೀ. ಮುಟ್ಟುವುದು ಕಾನೂನಿನ ಕೊನೆಯ ಮಿತಿ, ಮಳೆಗಾಲಕ್ಕೆ ಅಷ್ಟು ಕಾಯಬೇಡಿ. ಸ್ಟೆಪ್ನಿಯ ವಯಸ್ಸು, ಗಾಳಿ ಎರಡನ್ನೂ ಮರೆಯಬೇಡಿ.

ದಿಂಬಂ ಹತ್ತುವ ಮುನ್ನ

ಧಾರಾಪುರಂನಿಂದ ಸತ್ಯಮಂಗಲದ ಮೇಲೆ ತಾಳವಾಡಿಗೋ ಚಾಮರಾಜನಗರಕ್ಕೋ ಹೋಗುವವರು ದಿಂಬಂ ಘಾಟಿಯ 27 ತಿರುವು ಹತ್ತಿ ಇಳಿಯಬೇಕು. ಸುತ್ತ ಹುಲಿ ಸಂರಕ್ಷಿತ ಅರಣ್ಯ. 2022ರ ಫೆಬ್ರವರಿಯಲ್ಲಿ ನ್ಯಾಯಾಲಯದ ಆದೇಶದಂತೆ ಇಲ್ಲಿ ರಾತ್ರಿ ಸಂಚಾರ ನಿರ್ಬಂಧ ಜಾರಿಯಾಯಿತು. ಸಂಜೆ ಹೊತ್ತು ಇಲ್ಲಿ ಟೈರು ಕೈಕೊಟ್ಟರೆ ಮೆಕ್ಯಾನಿಕ್ ಸಿಗುವುದು ಹಾಗಿರಲಿ, ಆನೆ ಓಡಾಡುವ ಜಾಗದಲ್ಲಿ ಕೆಳಗಿಳಿದು ಜಾಕ್ ಹಾಕುವುದೇ ಅಪಾಯ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಯೇ ಬಂದರೆ ಆ ಬಿಸಿ ರಿಮ್ಮಿಗೂ ಟೈರಿಗೂ ಏರುತ್ತದೆ. ಕಡಿಮೆ ಗೇರಿನಲ್ಲೇ ಇಳಿಯಬೇಕು.

ಹೊರಡುವ ದಿನ ಬೆಳಿಗ್ಗೆ ಗಾಳಿ ನೋಡಿಸಿ, ಟ್ರೆಡ್ಡಿನಲ್ಲಿ ಸಿಕ್ಕ ಕಲ್ಲು ಕಿತ್ತು, ನಾಲ್ಕೂ ಪಕ್ಕೆ ಕೈಯಾಡಿಸಿ ಉಬ್ಬು ಇದೆಯೇ ನೋಡಲು ಕಾಲು ಗಂಟೆ ಸಾಕು. ಬಣ್ಣಾರಿ ಚೆಕ್‌ಪೋಸ್ಟ್ ದಾಟಿದ ಮೇಲೆ ಆ ಕಾಲು ಗಂಟೆ ಬೇಕೆಂದರೂ ಸಿಗದು.