ಸಿಗರೇಟು ಕಾರ್ಖಾನೆ ಎದ್ದುಹೋದ ಮೇಲೆ

ಬ್ಯಾಂಕಾಕಿನ ನಟ್ಟನಡುವೆ ಥಾಯ್ಲೆಂಡ್ ಸರ್ಕಾರದ್ದೇ ಒಂದು ಸಿಗರೇಟು ಕಾರ್ಖಾನೆಯಿತ್ತು. ಅದು ಅಯುತ್ಥಯಾ ಕಡೆಗೆ ಎದ್ದುಹೋದ ಮೇಲೆ ಸುಮಾರು 100 ಎಕರೆ ಖಾಲಿಯಾಯಿತು. ಸುಕುಂವಿತ್‌ನಂಥ ದುಬಾರಿ ಪ್ರದೇಶದ ಮಗ್ಗುಲಿನ ಆ ಜಾಗಕ್ಕೆ ಮಾಲ್ ಬರಬಹುದಿತ್ತು, ಬಂದದ್ದು ಕಾಡು. 2022ರ ಆಗಸ್ಟ್‌ನಲ್ಲಿ, ರಾಣಿ ಸಿರಿಕಿತ್ ಅವರ 90ನೇ ಹುಟ್ಟುಹಬ್ಬದ ಹೊತ್ತಿಗೆ, ಬೆಂಜಕಿತ್ತಿ ಅರಣ್ಯ ಉದ್ಯಾನ ಜನರಿಗೆ ತೆರೆದುಕೊಂಡಿತು.

ಇದರ ರೂಪರೇಷೆ ಚೀನಾದ ಯು ಕೋಂಗ್‌ಜಿಯಾನ್ ಅವರದು. ಅವರ ಟುರೆನ್‌ಸ್ಕೇಪ್ ಸಂಸ್ಥೆಗೆ ಥಾಯ್ಲೆಂಡಿನ ಆರ್ಸೊಮ್‌ಸಿಲ್ಪ್ ಜೊತೆಯಾಯಿತು. ಮಳೆನೀರನ್ನು ಚರಂಡಿಗೆ ಅಟ್ಟದೆ ಬಿದ್ದಲ್ಲೇ ಹೀರಿಕೊಳ್ಳುವ ‘ಸ್ಪಂಜು ನಗರ’ದ ಕಲ್ಪನೆಯನ್ನು ಜನಪ್ರಿಯಗೊಳಿಸಿದವರು ಯು. ತಗ್ಗಿನಲ್ಲಿರುವ ಬ್ಯಾಂಕಾಕಿಗೆ ಅದು ಬೇಕೇ ಇತ್ತು. ಇಲ್ಲಿ ನಾಲ್ಕು ದೊಡ್ಡ ಹೊಂಡ ತೋಡಿದರು. ಅಗೆದ ಮಣ್ಣನ್ನು ಲಾರಿಗೆ ತುಂಬದೆ, ಹೊಂಡದೊಳಗೇ ನೂರಾರು ದಿಬ್ಬ ಕಟ್ಟಿ ಸಸಿ ನೆಟ್ಟರು. ಮಳೆಗಾಲದಲ್ಲಿ ನೀರು ಏರಿದರೂ ಗಿಡ ಮುಳುಗುವುದಿಲ್ಲ, ಬೇಸಿಗೆಯಲ್ಲಿ ಬೇರಿಗೆ ತೇವ ತಪ್ಪುವುದಿಲ್ಲ. ಕೆಡವಿದ ಕಟ್ಟಡಗಳ ಕಾಂಕ್ರೀಟನ್ನೂ ಒಡೆದು ಅಲ್ಲೇ ಬಳಸಿದರು. ಪಕ್ಕದ ಕಾಲುವೆಯ ಕೊಳಕು ನೀರು ಅಂಚಿನುದ್ದಕ್ಕೂ ಬೆಳೆಸಿದ ಜೌಗುಗಿಡಗಳ ನಡುವೆ ನಿಧಾನವಾಗಿ ಹರಿದು ತಿಳಿಯಾಗುತ್ತದೆ.

ಇಷ್ಟನ್ನೂ ಮಾಡಿದವರು ಉದ್ಯಾನ ಕಟ್ಟಿ ಪಳಗಿದವರೇನಲ್ಲ, ಸೈನಿಕರು. ಹಣ ಕಡಿಮೆ, ಗಡುವು ಹತ್ತಿರ. ಹಾಗಾಗಿಯೇ ಒಂದೇ ಬಗೆಯ ದಿಬ್ಬವನ್ನು ಮತ್ತೆ ಮತ್ತೆ ಕಟ್ಟಿಕೊಂಡು ಹೋಗುವ ಸರಳ ವಿನ್ಯಾಸ. ಈ ಬಡತನವೇ ಉದ್ಯಾನದ ಚೆಲುವಿಗೆ ಕಾರಣವಾಗಿದೆ ಎಂದರೆ ತಪ್ಪಾಗದು.

ಸಂಜೆಯಾದರೆ ಒಂದೂವರೆ ಕಿಲೋಮೀಟರಿಗಿಂತಲೂ ಉದ್ದದ ಎತ್ತರದ ನಡಿಗೆದಾರಿಯ ಮೇಲೆ ಮೊಬೈಲು ಹಿಡಿದವರ ಸಾಲು. ಗಗನಚುಂಬಿಗಳ ಹಿನ್ನೆಲೆಯಲ್ಲಿ ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಆದರೆ ನೋಡಬೇಕಾದ್ದು ಕೆಳಗಿದೆ: ಕೆಸರು, ಜೊಂಡು, ಬೆಳ್ಳಕ್ಕಿ, ಅದೃಷ್ಟವಿದ್ದರೆ ಈಜುವ ಉಡ. ಕಾರ್ಖಾನೆಯ ಹಳೇ ಗೋದಾಮುಗಳೂ ಅಷ್ಟೇ ಸ್ವಾರಸ್ಯದವು. ಚಾವಣಿ, ಗೋಡೆಗಳನ್ನು ಅಲ್ಲಲ್ಲಿ ತೆರೆದು ಗಾಳಿ ಬೆಳಕು ಬಿಟ್ಟಿದ್ದಾರೆ. ಹೊಗೆಸೊಪ್ಪಿನ ಮೂಟೆಗಳಿದ್ದ ಕಡೆ ಈಗ ಆಟದಂಗಳ.

2023ರಲ್ಲಿ ಸಿಂಗಪುರದ ವಿಶ್ವ ವಾಸ್ತುಶಿಲ್ಪ ಉತ್ಸವ ಇದನ್ನು ವರ್ಷದ ಅತ್ಯುತ್ತಮ ಭೂದೃಶ್ಯವೆಂದು ಆರಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಯು ಬ್ರೆಜಿಲ್‌ನ ಪಂಟನಾಲ್ ಜೌಗುನೆಲದಲ್ಲಿ ವಿಮಾನ ಅಪಘಾತಕ್ಕೆ ಬಲಿಯಾದರು. ಸ್ಪಂಜು ನಗರಗಳ ಕುರಿತ ಸಾಕ್ಷ್ಯಚಿತ್ರಕ್ಕಾಗಿ ಅಲ್ಲಿಗೆ ಹೋಗಿದ್ದರು.

ಉದ್ಯಾನಕ್ಕೆ ಪ್ರವೇಶ ಉಚಿತ. ಕ್ವೀನ್ ಸಿರಿಕಿತ್ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ನಡಿಗೆದಾರಿಯ ಮೇಲೆ ನೆರಳು ಕಡಿಮೆ. ಏಪ್ರಿಲ್‌ನಲ್ಲಿ ಹೋಗುವವರು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದು ಒಳ್ಳೆಯದು.