ಕಡಲ ಕೆಸರಿನಲ್ಲಿ ಮದ್ದು ಹುಡುಕೋದು ಹೇಗೆ?

ಬ್ಯಾಕ್ಟೀರಿಯಾ ಅಂದ ಕೂಡಲೇ ನಮಗೆ ರೋಗವೇ ನೆನಪಾಗುತ್ತದೆ. ಆದರೆ ಕ್ಷಯರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದಲೇ, 1943ರಲ್ಲಿ, ಅಮೆರಿಕದಲ್ಲಿ. ಆಮೇಲೆ ವಿಜ್ಞಾನಿಗಳು ದೇಶದೇಶದ ಮಣ್ಣನ್ನೆಲ್ಲಾ ಜಾಲಾಡಿದರು. ಬರಬರುತ್ತಾ ಮೊದಲೇ ಸಿಕ್ಕಿದ್ದ ವಸ್ತುಗಳೇ ಮತ್ತೆ ಮತ್ತೆ ಸಿಗತೊಡಗಿದವು. ಆಗ ಕೆಲವರು ಸಮುದ್ರದ ಕಡೆ ತಿರುಗಿದರು.

ಅಮೆರಿಕದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ವಿಲಿಯಂ ಫೆನಿಕಲ್ ಮತ್ತು ಪಾಲ್ ಜೆನ್ಸನ್ ಬಹಾಮಾಸ್ ದ್ವೀಪಗಳ ಹತ್ತಿರ ಕಡಲತಳದ ಕೆಸರನ್ನು ತಂದು ಪರೀಕ್ಷಿಸಿದರು. ಅದರಲ್ಲಿ ಹೊಸ ಬ್ಯಾಕ್ಟೀರಿಯಾ ಸಿಕ್ಕಿತು. ಸಿಹಿನೀರಿನಲ್ಲಿ ಅದು ಬೆಳೆಯಲೇ ಇಲ್ಲ, ಉಪ್ಪುನೀರೇ ಬೇಕು! ಅದರ ಹೆಸರು ಸ್ಯಾಲಿನಿಸ್ಪೋರಾ.

ಹುಡುಕುವ ಕ್ರಮ ಹೀಗಿದೆ:

1. ಕೆಸರಿನಿಂದ ಒಂದೊಂದೇ ಜಾತಿಯನ್ನು ಬೇರೆ ಮಾಡಿ ಬೆಳೆಸಬೇಕು.
2. ಅದು ತಯಾರಿಸಿದ ರಾಸಾಯನಿಕಗಳನ್ನು ದ್ರಾವಕ ಹಾಕಿ ಸಾರದಂತೆ ತೆಗೆಯಬೇಕು.
3. ಪ್ರಯೋಗಶಾಲೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಆ ಸಾರ ಹಾಕಿ ನೋಡಬೇಕು.
4. ಕೋಶ ಸತ್ತರೆ ಸಾರವನ್ನು ಪಾಲು ಮಾಡಿ, ಒಂದೊಂದು ಪಾಲನ್ನೂ ಮತ್ತೆ ಪರೀಕ್ಷಿಸುತ್ತಾ, ಕೆಲಸ ಮಾಡುವ ಒಂದೇ ವಸ್ತು ಉಳಿಯುವವರೆಗೆ ಹೋಗಬೇಕು.

ಹೀಗೆ ಸಿಕ್ಕಿದ್ದು ಸ್ಯಾಲಿನೊಸ್ಪೊರಮೈಡ್-ಎ. 2003ರಲ್ಲಿ ಪ್ರಕಟವಾಯಿತು. ಮಿಲಿಲೀಟರಿಗೆ ಬರೀ 11 ನ್ಯಾನೋಗ್ರಾಂ ಇದ್ದರೆ ಸಾಕು, ಕರುಳಿನ ಕ್ಯಾನ್ಸರ್ ಕೋಶಗಳ ಬೆಳವಣಿಗೆ ಅರ್ಧಕ್ಕೆ ಇಳಿಯಿತು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ!

ಇದು ಕೆಲಸ ಮಾಡುವ ರೀತಿ ನನಗೆ ಬಹಳ ಹಿಡಿಸಿತು. ಜೀವಕೋಶದೊಳಗೆ ಬೇಡವಾದ ಪ್ರೋಟೀನುಗಳನ್ನು ಕತ್ತರಿಸಿ ಹಾಕುವ ಪ್ರೋಟಿಯಸೋಮ್ ಎಂಬ ಯಂತ್ರವಿದೆ. ಈ ವಸ್ತು ಅದರ ಬಾಯಿಗೆ ಸಿಕ್ಕಿಕೊಂಡು ಬಿಡುತ್ತದೆ. ಕೊಟ್ಟಿಗೆಯ ಸಗಣಿ ಬಾಚದಿದ್ದರೆ ಏನಾಗುತ್ತೆ ಹೇಳಿ? ಹಾಗೇ ಕೋಶದಲ್ಲಿ ಕಸ ತುಂಬಿ ಅದು ಸಾಯುತ್ತದೆ.

ಹಾಗಾದರೆ ಕ್ಯಾನ್ಸರಿಗೆ ಮದ್ದು ಸಿಕ್ಕಿತೇ? ಅಷ್ಟು ಸುಲಭವಲ್ಲ. ಮಾರಿಜೊಮಿಬ್ ಎಂಬ ಹೆಸರಿನಲ್ಲಿ ಇದನ್ನು ಒಂದು ಬಗೆಯ ಮೆದುಳು ಕ್ಯಾನ್ಸರ್ ಇರುವವರಲ್ಲಿ ಪರೀಕ್ಷಿಸಿದರು. ಒಟ್ಟು 749 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮಾಮೂಲು ಚಿಕಿತ್ಸೆ, ಉಳಿದವರಿಗೆ ಅದರ ಜೊತೆಗೆ ಈ ಮದ್ದು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಮದ್ದು ಪಡೆದವರು ಹೆಚ್ಚು ಕಾಲ ಬದುಕಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಾಯಿತು.

ಇಷ್ಟು ವರ್ಷದ ದುಡಿಮೆ ದಂಡವಾಯ್ತು ಅಂತ ನನಗೆ ಅನಿಸುವುದಿಲ್ಲ. ಉಪ್ಪುನೀರಿನ ಕೆಸರಿನಲ್ಲೂ ಹೊಸ ವಸ್ತುಗಳಿವೆ ಎಂದು ಗೊತ್ತಾಯಿತು, ಹುಡುಕಾಟ ನಡೆದೇ ಇದೆ. ಇನ್ನು ಮುಂದೆ ಯಾರಾದರೂ ಬಂದು "ಈ ಸೊಪ್ಪು, ಈ ಪುಡಿ ಕ್ಯಾನ್ಸರನ್ನು ಕೊಲ್ಲುತ್ತೆ" ಅಂದರೆ ನಾವು ಒಂದು ಪ್ರಶ್ನೆ ಕೇಳೋಣ: ಗಾಜಿನ ತಟ್ಟೆಯಲ್ಲೋ, ಮನುಷ್ಯರಲ್ಲೋ? ಉತ್ತರ ಸಿಗುವ ತನಕ ಆಸ್ಪತ್ರೆಯ ಚಿಕಿತ್ಸೆ ಬಿಡುವುದು ಬೇಡ.